ಲಕ್ಷ್ಮೀದೇವಿಗೊಂದು ತವರು

ಮಧುಗಿರಿ
ಭಾನುವಾರ, ೮ ಜೂನ್ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಮಂಗಳಾ ಮಾಡುವ ಶರಣು. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಇಲ್ಲ ಬಾಣಂತಿ, ಮಗು ಎಂದು ಓಡಾಡಿ ಅದನ್ನು ಮರೆತೇಬಿಟ್ಟಿದ್ದೀಯೋ? ತಂಗಿ ಭವ್ಯಳ ಕೂಸಿಗೆ ಕತ್ತು ನಿಂತಿದೆಯಂತೆ. ಪಾವಗಡದ ಆ ಬೀದಿಯವರ ಜೊತೆ ಸೇರಿ ನೀನೂ ಅದನ್ನು ತೆಲುಗಿನಲ್ಲೇ ಮುದ್ದಾಡುತ್ತೀಯೆಂದು ಅವಳ ಗಂಡ ಪ್ರಭುದೇವ್ ಹೇಳಿ ನಕ್ಕ. ಫೋನು ಮಾಡಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಊಟ ಆಯ್ತಾ, ನೀರು ಬಂತಾ ಎಂದು ಅಡ್ಡಬಾಯಿ ಹಾಕುತ್ತೀಯ, ಈ ಸುದ್ದಿ ಅರ್ಧಕ್ಕೆ ನಿಲ್ಲುವಂಥದ್ದಲ್ಲ. ಪ್ರಭುದೇವ್ ನಮ್ಮ ಮನೆಗೆ ಬಂದಿದ್ದಾನೆ, ಈಗ ಪಾವಗಡಕ್ಕೆ ಹೊರಡುತ್ತಾನೆ. ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಮ್ಮಾ, ಲಕ್ಷ್ಮೀದೇವಿಗೆ ಕ್ಷಮಾದಾನ ಸಿಕ್ಕಿತು! ಶುಕ್ರವಾರ ಸಂಜೆ ರಾಜ್ಯಪಾಲರ ಅಂಕಿತ ಬಿತ್ತು. ಆದೇಶದ ಪ್ರತಿ ಕೈಗೆ ಬಂದಾಗ ನಾನು ಕಚೇರಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟೆ. ನನ್ನ ಕೈಕೆಳಗಿನ ಹುಡುಗ ಹುಡುಗಿಯರು ಮೇಡಂಗೆ ಏನಾಯಿತೆಂದು ಬಾಗಿಲಿಗೆ ಬಂದರು. ನಾಚಿಕೆಯೇನೂ ಆಗಲಿಲ್ಲ. ಕೈದಿಗಳ ಅರ್ಜಿ ಓದಿ, ಯಾರನ್ನು ಬಿಡಬಹುದು ಯಾರನ್ನು ಬಿಡಬಾರದು ಎಂದು ಟಿಪ್ಪಣಿ ಬರೆಯುವ ಈ ಕೆಲಸದಲ್ಲಿ 'ತಿರಸ್ಕರಿಸಬಹುದು' ಎಂದು ಬರೆದೇ ನನ್ನ ಪೆನ್ನು ಸವೆದಿದೆ. ಒಂದು ದಿನವಾದರೂ ಕುಣಿಯಬೇಡವೇ?

ಯಾರು ಈ ಲಕ್ಷ್ಮೀದೇವಿ ಎನ್ನುತ್ತೀಯ. ಮಿಡಿಗೇಶಿಯಿಂದ ಆಚೆ ಒಂದು ಸಣ್ಣ ಹಳ್ಳಿಯವಳು. ಕುಡಿದು ಬಂದು ಬಡಿಯುತ್ತಿದ್ದ ಗಂಡನನ್ನು ಒಂದು ದಿನ ಒನಕೆ ತೆಗೆದುಕೊಂಡು ತಿರುಗಿ ಹೊಡೆದಳು, ಅವನು ಏಳಲಿಲ್ಲ. ಜೀವಾವಧಿ ಶಿಕ್ಷೆಯಾಯಿತು. ಹದಿನಾರು ವರ್ಷದಿಂದ ಒಳಗಿದ್ದಾಳೆ. ಜೈಲಿನಿಂದ ಒಳ್ಳೆಯ ವರದಿಯೇ ಬಂದಿತ್ತು. ಆದರೆ ಊರಿಗೆ ಹೋಗಿ ವಿಚಾರಿಸಿದ ಪೊಲೀಸ್ ಅಧಿಕಾರಿ, 'ಇಡೀ ಗ್ರಾಮದ ತೀವ್ರ ವಿರೋಧವಿದೆ, ಸತ್ತವನ ತಾಯಿ ಸೇರಿದಂತೆ ಯಾರೊಬ್ಬರೂ ಸಹಿ ಹಾಕಲು ಒಪ್ಪಲಿಲ್ಲ' ಎಂದು ಬರೆದುಬಿಟ್ಟಿದ್ದ. ನನ್ನ ಕೈಕೆಳಗಿನ ವಕೀಲ ಚೇತನ್ ಕುಮಾರ್, ಬುದ್ಧಿವಂತ, ಆ ಒಂದು ಸಾಲು ನೋಡಿ ತಿರಸ್ಕರಿಸಲು ಟಿಪ್ಪಣಿ ತಂದ. ಅದಕ್ಕೆ ನಾನು ಸಹಿ ಹಾಕಿದ್ದರೆ ಅವಳ ಕಥೆ ಮುಗಿಯುತ್ತಿತ್ತು.

ಪೆನ್ನು ತೆಗೆದೂ ಇದ್ದೆ. ಆದರೆ ಏನೋ ಮನಸ್ಸಿಗೆ ಚುಚ್ಚಿತು. ನಮ್ಮ ಜನ ಯಾರನ್ನಾದರೂ ವಿರೋಧಿಸುವುದಾದರೆ ನಾಮುಂದು ತಾಮುಂದು ಎಂದು ಬಂದು ಸಹಿ ಹಾಕುತ್ತಾರೆ, ನೀನೇ ನೋಡಿದ್ದೀಯಲ್ಲ! ಬೇಡ ಎನ್ನುವವರೂ ಸಹಿ ಹಾಕಿಲ್ಲವೆಂದರೆ ಹೇಗೆ? ತಾರೀಖು ನೋಡಿದೆ. ಹೋದ ವರ್ಷ ಯುಗಾದಿ ಕಳೆದ ವಾರ. ತಟ್ಟನೆ ನಿನ್ನ ತವರು ಪುರವರದ ಸಪ್ಪೆ ಊಟ ನೆನಪಾಯಿತು. ಊರಮ್ಮನ ಹಬ್ಬ ಬಂತೆಂದು ಬೀದಿಬೀದಿಯಲ್ಲಿ ತಮಟೆ ಹೊಡೆದು ಕೂಗಿ 'ಸಾರು' ಹಾಕಿದರೆ ಮುಗಿಯಿತು, ಹಬ್ಬ ಕಳೆಯುವವರೆಗೆ ಇಡೀ ಊರಿಗೆ ಕಟ್ಟುಪಾಡು: ಒಗ್ಗರಣೆ ಇಲ್ಲ, ಊರು ಬಿಟ್ಟು ಬೇರೆಡೆ ಮಲಗುವಂತಿಲ್ಲ, ಹೊರಗಿನವರಿಗೆ ಒಂದು ಹಿಡಿ ಉಪ್ಪೂ ಕೊಡುವಂತಿಲ್ಲ. ಒಗ್ಗರಣೆ ಹಾಕು ಎಂದು ನಾನು ಅತ್ತು ರಂಪ ಮಾಡಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದಿದ್ದೆನಲ್ಲ!

ತಡೆಯಲಾಗಲಿಲ್ಲ. ಚೇತನನನ್ನೂ ಕಟ್ಟಿಕೊಂಡು ನಾನೇ ಆ ಹಳ್ಳಿಗೆ ಹೋದೆ. ಅಂದುಕೊಂಡದ್ದು ನಿಜವಾಗಿತ್ತು! ಅಲ್ಲಿ ಕಟ್ಟು ಇನ್ನೂ ಬಿಗಿ. ಸಾರು ಹಾಕಿದ ಮೇಲೆ ಯಾರಿಗೂ ಮಾತು ಕೊಡುವಂತಿಲ್ಲ, ಹೆಬ್ಬೆಟ್ಟು ಒತ್ತುವಂತಿಲ್ಲ, ಹೆಣ್ಣು ನೋಡಲು ಬಂದವರಿಗೂ ಹೂಂ ಅನ್ನುವಂತಿಲ್ಲ. ಪಾಪ, ಆ ಅಧಿಕಾರಿ ಬೀದರಿನ ಕಡೆಯವನು, ಬಂದು ವಾರವೂ ಆಗಿರಲಿಲ್ಲ. "ಈಗ ಆಗಕಿಲ್ಲ, ಹೋಗಪ್ಪ" ಎಂದು ಮನೆಮನೆಯಲ್ಲೂ ಕಳಿಸಿದ್ದನ್ನು ವಿರೋಧ ಎಂದುಕೊಂಡ. ಹಬ್ಬವಾದ ಮೇಲೆ ಬರುತ್ತಾನೆಂದು ಇವರು ಕಾದರು, ಅವನು ಬರಲೇ ಇಲ್ಲ.

ಸತ್ತವನ ತಾಯಿ ಕೆಂಚಮ್ಮ ಹಟ್ಟಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೇಳಲು ನನಗೇ ಬಾಯಿ ಬರಲಿಲ್ಲ ಅಮ್ಮಾ, ಮಗನನ್ನು ಕಳೆದುಕೊಂಡವಳು. ಅವಳೇ ಶುರು ಮಾಡಿದಳು. "ಸತ್ತೋನು ನನ್ ಮಗ, ಹೊಡ್ದೋಳು ನನ್ ಸೊಸೆ. ಅವ್ನು ಅವ್ಳನ್ನ ಬಡಿಯೋವಾಗ ನಾನು ಒಳ್ಗೆ ಕುಂತು ಕೇಳುಸ್ಕಂತಿದ್ದೆ ಕಣಮ್ಮ. ಬುಡ್ಲಾ ಅಂತ ಒಂದ್ ದಪಾನೂ ಅನ್ಲಿಲ್ಲ. ನನ್ನ್ಯಾರೂ ಜೈಲಿಗಾಕ್ಲಿಲ್ಲ." ನಾನು ಕಚೇರಿಯ ಗತ್ತು ಬಿಟ್ಟು ಅತ್ತೆ. ಚೇತನ್ ಎತ್ತಲೋ ನೋಡುತ್ತಾ ಕನ್ನಡಕ ಒರೆಸಿಕೊಂಡ. ಕೆಂಚಮ್ಮ ಹೆಬ್ಬೆಟ್ಟು ಒತ್ತಿದಳು, ಊರಿನವರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಇಬ್ಬರು ಬೇಡ ಎಂದರು, ಅದನ್ನೂ ಇದ್ದ ಹಾಗೆ ಬರೆದುಕೊಂಡೆ. ಅಲ್ಲಿಂದ ಫೈಲು ಮಹಡಿ ಮಹಡಿ ಹತ್ತಿ ಇಳಿದು, ಕೊನೆಗೂ ಶುಕ್ರವಾರ ಗೆದ್ದು ಬಂತು.

ನಿನ್ನೆ ಸುದ್ದಿ ಹೇಳಲು ಮತ್ತೆ ಹೋಗಿದ್ದೆ. ಕೆಂಚಮ್ಮ ಕೈ ಮುಗಿದಳು, ಆಮೇಲೆ ಒಂದು ಷರತ್ತು ಹಾಕಿದಳು ನೋಡು! "ಜೈಲಿಂದ ಸೀದಾ ಬಂದು ನನ್ ಹೊಸ್ಲು ತುಳೀಬಾರ್ದು. ತವರಿಂದ ಬರೋ ಸೊಸೆಯಂಗೆ ಮಡ್ಲು ತುಂಬುಸ್ಕಂಡು ಬರ್ಲಿ. ಆಮ್ಯಾಕೆ ಊರೋರು ಯಾವನೇನಂತಾನೋ ನಾನ್ ನೋಡ್ಕಂತೀನಿ." ಗಂಡನಿಲ್ಲದವಳಿಗೆ ಮಡಿಲಕ್ಕಿ ಹಾಕುತ್ತಾರೆಯೇ ಎಂದು ಪಕ್ಕದ ಮನೆಯವಳು ಗೊಣಗಿದಳು. "ನನ್ ಸೊಸೆಗೆ ಇಕ್ತಾರೆ" ಎಂದು ಮುದುಕಿ ಒಂದೇ ಮಾತಿನಲ್ಲಿ ಅವಳ ಬಾಯಿ ಮುಚ್ಚಿಸಿದಳು. ಸರಿ, ತವರೆಲ್ಲಿದೆ? ಲಕ್ಷ್ಮೀದೇವಿಗೆ ಅಪ್ಪ ಅಮ್ಮ ಇಲ್ಲ. ಶಿರಾದ ತಾವರೆಕೆರೆ ಕಡೆ ಇರುವ ಅಣ್ಣನಿಗೆ ಫೋನು ಮಾಡಿದರೆ, ಹೆಸರು ಕೇಳಿದ ಕೂಡಲೇ ಇಟ್ಟುಬಿಟ್ಟ. ಎರಡನೇ ಸಲ ಎತ್ತಲೇ ಇಲ್ಲ. ಗುರುವಾರ ತುಮಕೂರಿನ ಜೈಲಿನ ಬಾಗಿಲು ತೆರೆದಾಗ ಅವಳು ಎತ್ತ ಹೋಗಬೇಕು ಹೇಳು?

ಪ್ರಭುದೇವ್ ಆಗಲೇ ಗಾಡಿ ಶುರು ಮಾಡಿದ. ಭವ್ಯಳಿಗೆ ನನ್ನ ಪ್ರೀತಿ ಹೇಳು, ಕೂಸಿನ ಅಂಗಾಲಿಗೆ ನನ್ನ ಪರವಾಗಿ ಎರಡು ಮುತ್ತು ಕೊಡು. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಸರ್ವಮಂಗಳಾ

ಮರೆತ ಮಾತು: ಮರೆತಿಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ತವರು ನಮ್ಮ ಮನೆಯೇ ಎಂದು ಕೆಂಚಮ್ಮನಿಗೆ ಮಾತು ಕೊಟ್ಟು ಬಂದಿದ್ದೇನೆ, ನಿನ್ನನ್ನು ಕೇಳದೆ. ಬೈಯಬೇಡ. ಆದೇಶ ಹೊರಬಿದ್ದ ಮೇಲೆ ನಮ್ಮ ಮನೆಗೆ ಯಾರು ಬಂದರೂ ಕಾನೂನಿನ ಅಡ್ಡಿಯಿಲ್ಲ ಎಂದು ನಮ್ಮ ಇಲಾಖೆಯ ಕಾರ್ಯದರ್ಶಿಗಳೂ ಹೇಳಿದರು. ಬುಧವಾರ ಬಸ್ಸು ಹತ್ತಿ ಬಂದುಬಿಡು, ತವರು ಅಂದಮೇಲೆ ತಾಯಿ ಇರಬೇಕು. 'ನನ್ನದು ಅಮಂಗಳದ ಕೈ' ಎನ್ನುತ್ತೀಯ, ಗೊತ್ತು. ಅಪ್ಪ ಹೋದ ಮೇಲೆ ಭವ್ಯಳ ಸೀಮಂತದಲ್ಲೂ ನೀನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ, ನಾನೂ ಸುಮ್ಮನಿದ್ದೆ. ಸೀರೆ ಎರಡು ತಂದಿದ್ದೇನೆ. ಅವಳ ಮಡಿಲು ನೀನು ತುಂಬು, ನಿನ್ನ ಮಡಿಲು ನಾನು ತುಂಬುತ್ತೇನೆ.