ಮುದ್ದನಹಾಳದ ಹೂಂಗಾರ್ತಿ

ಮುದ್ದನಹಾಳ
ಫೆಬ್ರವರಿ ೩೦, ೨೧೧೨

ನನಗಿಂತ ಮೊದಲಿನವರೆ,

ತಾರೀಖು ತಪ್ಪಿಲ್ಲ, ಈಗ ಫೆಬ್ರವರಿಗೆ ಮೂವತ್ತು ದಿನ. ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಊರು ತಾನು ಓಡಿಸಿದವರ ಕಥೆಯನ್ನು ಅವರ ಮೊಮ್ಮಕ್ಕಳ ಎದುರು ಕೂತು ಹೇಳುವ ದಿನಕ್ಕೆ ನಾವು ಕೇಳ್ಮೆ ಎನ್ನುತ್ತೇವೆ. ಹೇಳುವವರು ಅಂದು ಓಡಿಸಿದ ಊರಿನವರ ಮನೆಯವರು, ಹೂಂಗುಟ್ಟುವವರು ಓಡಿಹೋದವರ ಮೊಮ್ಮಕ್ಕಳಾದ ನಾವು. ನಮ್ಮ ಹೂಂ ಬೀಳದೆ ಕಥೆ ಮುಂದಿನ ಮಾತಿಗೆ ಹೋಗುವಂತಿಲ್ಲ.

ಕೇಳ್ಮೆಗೆಂದೇ ನಮ್ಮನ್ನು ಮರಳಿ ಕರೆಸಿದ್ದರು. ಈಗ ಪಿಂಜಾರ ಓಣಿಯಲ್ಲಿ ಉಳಿದಿರುವವಳು ಜೈತುನಬಿ ಎಂಬ ನಾನೊಬ್ಬಳೇ. ಹತ್ತಿ ಹಿಂಜುವ ಬಿಲ್ಲು ಗೋಡೆಯ ಮೇಲಿದೆ. ಗಾಳಿಗೆ ಅದರ ಹುರಿ ಮಿಡಿದರೆ ಯಾರೋ ಬಂದರೆಂದು ಏಳುತ್ತೇನೆ. ರೊಟ್ಟಿ ಬಡಿಯುವಾಗ ಕೈ ಇನ್ನೂ ಮನೆ ತುಂಬ ಜನರಿರುವಂತೆ ಹಿಟ್ಟು ತೆಗೆಯುತ್ತದೆ. ವರ್ಷದಲ್ಲಿ ಕೇಳ್ಮೆಯ ಒಂದು ದಿನ ಮಾತ್ರ ಊರು ನನ್ನ ಅಂಗಳಕ್ಕೆ ಬಂದು ಚಾಪೆ ಹಾಸುತ್ತದೆ, ಅಕ್ಕನನ್ನು ಕರೆದಂತೆ ಆಪಾ ಎನ್ನುತ್ತದೆ.

ಈ ಸಲ ಹೇಳಿದವಳು ಎದುರು ಓಣಿಯ ಗುರುಪಾದವ್ವ. ಎಳೆಯ ದನಿ, ಚೆಂದದ ಕಥೆ. ಕಥೆ ನಮ್ಮವರ ಟೆಂಪೊಗಳು ಹೊರಟ ಬೆಳಗಿಗೆ ಬಂದಾಗ, ಊರೆಲ್ಲ ಬೀದಿಗಿಳಿದು ಅತ್ತಿತು ಎಂದಳು. ಹಿಂದಿನ ವರ್ಷದವರೆಗೆ ಆ ಜಾಗದಲ್ಲಿ ಅಳು ಇರಲಿಲ್ಲ. ಕೂತವರು ಕಣ್ಣೊರೆಸಿಕೊಂಡರು.

ನಾನು ಹೂಂ ಅನ್ನಲಿಲ್ಲ. ಕಥೆ ನಿಂತಿತು.

“ಆಪಾಗ ನಿದ್ದಿ ಹತ್ತೇತಿ, ಚಾ ಕೊಡ್ರಿ,” ಎಂದು ಹಿಂದಿನಿಂದ ಯಾರೋ ಅಂದರು. ನಗು ಹರಡಿತು.

“ಯಾರೂ ಅಳ್ಲಿಲ್ಲವ್ವಾ,” ಎಂದೆ. “ಎಲ್ಲಾರೂ ಕದಾ ಹಾಕ್ಕೊಂಡ ಕುಂತಿದ್ರು.”

ನಮ್ಮಜ್ಜಿ ಟೆಂಪೊದ ಹಿಂದೆ ಗಂಟುಗಳ ನಡುವೆ ಕೂತು ಕಂಡದ್ದು ಅಷ್ಟೇ, ಸಾಲು ಕದಗಳು. ಅವುಗಳ ಹಿಂದೆ ನಮ್ಮವರೇ ಹತ್ತಿ ತುಂಬಿಕೊಟ್ಟ ಗಾದಿಗಳಿದ್ದವು.

ಒಂದು ಹೂಂ ಅಂದಿದ್ದರೆ ಅವರು ಉಂಡು ಹೋಗುತ್ತಿದ್ದರು. ಚಾಪೆ ಸುತ್ತಿಕೊಂಡು ಎದ್ದರು. ಬಡಿದ ರೊಟ್ಟಿಗಳು ಒಣಗಿದವು. ಮುಂದಿನ ವರ್ಷ ಬರುತ್ತಾರೋ ಇಲ್ಲವೋ ತಿಳಿಯದು. ನನ್ನ ನಂತರ ಕಥೆ ತಡೆಯುವವರಂತೂ ಇಲ್ಲ.

ನಿನ್ನೆ ಮಧ್ಯಾಹ್ನ ಗುರುಪಾದವ್ವ ಒಬ್ಬಳೇ ಬಂದಳು. ಹೊಸ್ತಿಲ ಹೊರಗೆ ನಿಂತು ಬಿಲ್ಲನ್ನೇ ನೋಡುತ್ತಿದ್ದಳು.

“ನಮ್ಮ ಮನೀ ಕದಾನೂ ಹಾಕಿತ್ತೇನ್ರಿ, ಆಪಾ?”

“ಹೂಂ,” ಎಂದೆ.

ಅವಳು ಕೂರಲಿಲ್ಲ. ಹೋದಳು. ಸಂಜೆಯವರೆಗೆ ನಾನು ಬಾಗಿಲು ಮುಂದಕ್ಕೆ ಎಳೆಯಲಿಲ್ಲ.

ಆ ಬೆಳಿಗ್ಗೆ ನಿಮಗಿನ್ನೂ ಬಂದಿಲ್ಲ. ಬಂದಾಗ ನೀವು ಅಳಬೇಕೆಂದಿಲ್ಲ. ಟೆಂಪೊದ ಸದ್ದು ಕೇಳಿದರೆ ಕದ ತೆರೆದು ಹೊರಗೆ ಬನ್ನಿ.