ಮಳೆಯಿಲ್ಲದೆ ಏರುವ ನೀರು

ಇಂಡಿ, ೨ ಏಪ್ರಿಲ್ ೧೯೬೨, ಸೋಮವಾರ. ನಸುಕಿನ ನಾಲ್ಕೂವರೆ.

ಟಾಂಗಾದ ಗೆಜ್ಜೆ ಸಪ್ಪಳಕ್ಕೆ ಎಚ್ಚರ. ನಿದ್ದೆ ಎಲ್ಲಿತ್ತು, ಕಣ್ಣು ಮುಚ್ಚಿದ್ದೆ ಅಷ್ಟೆ. ಮಗ್ಗುಲಲ್ಲಿ ಒಂಬತ್ತು ದಿನದ ಕೂಸು.

ಹೊರಟರು. ಇವರು, ಅತ್ತೆ, ನನ್ನ ಖಾಜಾ. ಹೋದ ವರ್ಷ ಟೈಫಾಯ್ಡ್‌ನಲ್ಲಿ ಅವನು ಉಳಿದದ್ದಕ್ಕೆ ಅತ್ತೆ ಹೊತ್ತ ಹರಕೆ — ಮುಂಬೈಯಲ್ಲಿ ಸಮುದ್ರದೊಳಗಿನ ದರ್ಗಾಕ್ಕೆ ಹೂವಿನ ಚಾದರ. ಅದೂ ಗುರುವಾರವೇ ಆಗಬೇಕು. ದಡದಿಂದ ದರ್ಗಾಕ್ಕೆ ಕಲ್ಲಿನ ದಾರಿ ಇದೆಯಂತೆ. ಭರತದಲ್ಲಿ ಮುಳುಗುತ್ತದೆ, ಇಳಿತದಲ್ಲಿ ತೆರೆಯುತ್ತದೆ.

ನಿನ್ನೆ ಹೇಳಿ ನೋಡಿದೆ. "ಅತ್ತಿ, ಆ ನೀರು ದಿನಕ್ಕ ಎರಡ ಸಲ ಏರತೈತಿ."

"ಮಳಿ ಎಲ್ಲೈತಿ? ಮ್ಯಾಲ ಮೋಡ ಇಲ್ಲದ ನೀರ ಏರಾಕ ಅದಕ್ಕೇನ ಹುಚ್ಚ ಹಿಡದೈತೇನ? ಎದಿಮಟ ಡೋಣಿ ಹೊಳಿ ಹಾಯ್ದಾಕಿ ನಾ, ಅಖ್ತರ. ನಿನ್ನ ಗಂಡನ್ನ ಬಗಲಾಗ ಎತಗೊಂಡು!"

ಹೋದ ತಿಂಗಳು ಮುಂಬೈಗೆ ಹೋಗಿ ಬಂದ ಪಕ್ಕದ ಮನೆಯ ಮೀರಾಸಾಬ ಕಾಕಾ ನಡುವೆ ಬಾಯಿ ಹಾಕಿದರು. "ಹತ್ತಕ್ಕ ದಾರಿ ಮ್ಯಾಲ ನೀರ ಕಂಡ್ರ ಅಂಜಬ್ಯಾಡ್ರಿ. ನಡದ ಬಿಡ್ರಿ. ಇಳಿಯೂ ನೀರ ಅದು. ಹನ್ನೆರಡಕ್ಕ ಪೂರಾ ಒಣಾ. ನಾ ಕಣ್ಣಾರೆ ನೋಡೇನಿ."

ನೋಡಿ ಬಂದವರ ಮಾತು. ನನಗೂ ಸಮಾಧಾನವಾಯಿತು.

ಖಾಜಾ ಟಾಂಗಾದಿಂದಲೇ ಕೂಗಿದ — "ಅಮ್ಮಾ, ಸಮುದ್ರದಾಗ ಎಮ್ಮಿ ಇರ್ತಾವೇನು?"

"ಇದ್ರ ನಂದೊಂದ ಹೊಡಕೊಂಡ ಬಾ," ಅಂದೆ.

೪ ಏಪ್ರಿಲ್, ಬುಧವಾರ. ಸಂಜೆ.

ನಿನ್ನೆ ಬರೆಯಲಿಲ್ಲ. ಎದ್ದು ಕೂತರೆ ಕಣ್ಣು ಕತ್ತಲೆ, ಮತ್ತೆ ರಕ್ತ. ಹೊಸ್ತಿಲು ದಾಟಕೂಡದು ಎಂದು ಡಾಕ್ಟರ್. ನಲವತ್ತು ದಿನ ದಾಟಕೂಡದು ಎಂದು ಅತ್ತೆ ಮೊದಲೇ ಹೇಳಿದ್ದರು.

ಬಾಣಂತನಕ್ಕೆ ಬಂದಿರುವ ಕಾಶಿಬಾಯಿ ಕೂಸಿಗೆ ಎಣ್ಣೆ ತಿಕ್ಕುತ್ತ ಅಂದಳು, "ನಾಳಿ ಒಂದಿನ ಮುಂಜಾನಿ ಮನಿಗೆ ಹೋಗಿ ಬರ್ತೇನ್ರಿ, ಅಕ್ಕಾರ. ಇವತ್ತ ಅಮಾಸಿ, ನಾಳಿ ಯುಗಾದಿ. ಬೇವು ಬೆಲ್ಲ ನಿಮಗೂ ತರ್ತೇನಿ."

ಅಮಾವಾಸ್ಯೆ.

ಕಾಲೇಜಿನಲ್ಲಿ ಭೂಗೋಳದ ಸರ್ ಬೋರ್ಡಿನ ಮೇಲೆ ಬರೆದ ಚಿತ್ರ ಎದುರು ನಿಂತಿತು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ. ಇಬ್ಬರೂ ಕೂಡಿ ನೀರನ್ನು ಎಳೆಯುತ್ತಾರೆ — ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ದೊಡ್ಡ ಭರತ. ಅರ್ಧ ಚಂದ್ರನಿದ್ದಾಗ ಸಣ್ಣದು. ಭರತದ ಹೊತ್ತು ದಿನಕ್ಕೆ ಮುಕ್ಕಾಲು ತಾಸಿಗಿಂತ ಹೆಚ್ಚು ಜರುಗುತ್ತದೆ. ಏಳೆಂಟು ದಿನದಲ್ಲಿ ಎಲ್ಲ ತಿರುವುಮುರುವು…

ಕಿಟಕಿ ತೆರೆದು ಮೀರಾಸಾಬ ಕಾಕಾರನ್ನು ಕೂಗಿದೆ. ಅಂಗಳದಲ್ಲಿ ಹೊರಸಿಗೆ ಹಗ್ಗ ಬಿಗಿಯುತ್ತಿದ್ದರು.

"ಕಾಕಾ, ನೀವು ದರ್ಗಾಕ್ಕ ಹ್ವಾದ ದಿನ ಚಂದ್ರ ಹೆಂಗಿತ್ರಿ?"

"ಚಂದ್ರ?" ನಕ್ಕರು. "ಚಂದ್ರನ್ನ ನೋಡಾಕ ಮುಂಬೈಗೆ ಹೋಗಬೇಕೇನವಾ?"

"ನೆನಪ ಮಾಡ್ಕೊಳ್ರಿ. ನಿಮ್ಮ ಕಾಲ ಹಿಡೀತೇನಿ."

ಕೈಯಲ್ಲಿನ ಹಗ್ಗ ನಿಂತಿತು. "ಅರ್ಧಾ ರೊಟ್ಟಿ ಹಂಗ ಇತ್ತು. ಯಾಕ?"

ಅರ್ಧ. ಅಂದರೆ ಅಂದು ಹನ್ನೆರಡಕ್ಕೆ ಇಳಿತವಿದ್ದರೆ ನಾಳೆ ಹನ್ನೆರಡಕ್ಕೆ ಭರತ. ಅದೂ ದೊಡ್ಡದು.

ಹತ್ತಕ್ಕೆ ದಾರಿಯ ಮೇಲೆ ನೀರು ಕಾಣುತ್ತದೆ. ಅತ್ತೆ ಅಂಜುವುದಿಲ್ಲ. ಇಳಿಯುವ ನೀರು ಅನ್ನುತ್ತಾರೆ. ಸೀರೆ ಎತ್ತಿ ಕಟ್ಟಿ, ಖಾಜಾನನ್ನು ಬಗಲಿಗೇರಿಸಿ ನಡೆಯುತ್ತಾರೆ. ಇವರು ತಾಯಿಗೆ ಎದುರಾಡಿದವರಲ್ಲ. ನಡುದಾರಿಯಲ್ಲಿ ಮೊಣಕಾಲು, ಆಮೇಲೆ ಸೊಂಟ. ಡೋಣಿ ಒಂದೇ ಕಡೆ ಹರಿಯುತ್ತದೆ. ತೆರೆ ಹಾಗಲ್ಲ — ಹೊಡೆಯುತ್ತದೆ, ಹಿಂದಕ್ಕೂ ಜಗ್ಗುತ್ತದೆ.

ಮೀರಾಸಾಬ ಕಾಕಾ ತಂತಿ ಕೊಡಲು ಪೋಸ್ಟ್ ಆಫೀಸಿಗೆ ಓಡಿದರು. ಬಾಗಿಲು ಹಾಕಿತ್ತಂತೆ. ಬಂದು ಕಟ್ಟೆಯ ಮೇಲೆ ಕೂತವರು ತಲೆ ಎತ್ತಲಿಲ್ಲ. "ನಾನ ಹೇಳಿದ್ನಲ್ಲವಾ… ನಾನ ನಡದ ಬಿಡ್ರಿ ಅಂದೆ."

ರಾತ್ರಿ ಎಂಟು.

ಫೋನ್ ಇರುವುದು ಹತ್ತಿ ವ್ಯಾಪಾರಿ ಬಾಬುಲಾಲ ಶೇಠರ ಮನೆಯಲ್ಲಿ. ಬಾಯಿಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ — ಬಾಣಂತಿಯ ಭ್ರಮೆ ಅನ್ನುತ್ತಾರೆ. ಈ ಹಾಳೆಯನ್ನೇ ಹರಿದು ಕೊಡುತ್ತೇನೆ. ಕಾಕಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ.

ಶೇಠರೇ, ಮೇಲಿನದೆಲ್ಲ ಓದಿರಿ. ನನಗೆ ಹುಚ್ಚು ಹಿಡಿದಿಲ್ಲ. ಟ್ರಂಕ್ ಕಾಲ್ ಈಗಲೇ ಬುಕ್ ಮಾಡಿರಿ. ಅವರು ಇಳಿದಿರುವ ಮುಸಾಫಿರಖಾನೆಯ ನಂಬರು ಕಾಕಾರ ಹತ್ತಿರ ಇದೆ. ಬಂದೇನವಾಜ, ಇಂಡಿಯವರು, ಎಂದು ಕೇಳಿರಿ. ಇವರು ಸಿಗದಿದ್ದರೆ ಯಾರು ಎತ್ತಿದರೂ ಸರಿ, ಇಷ್ಟೇ ಹೇಳಿರಿ — ಗುರುವಾರ ಹತ್ತಕ್ಕೆ ಕಾಣುವ ನೀರು ಇಳಿಯುವುದಲ್ಲ, ಏರುವುದು. ದಾರಿಗೆ ಕಾಲಿಡಬೇಡಿ. ಸಂಜೆ ಹೋಗಲಿ, ಹರಕೆ ಸಂಜೆಗೂ ಮುಟ್ಟುತ್ತದೆ. ನನ್ನ ಮಗನಿಗೆ ನೀರಿನ ಅಂಜಿಕೆಯೇ ಇಲ್ಲ ಶೇಠರೇ, ಎಮ್ಮೆ ಹುಡುಕುತ್ತಾನೆ. ಲೈನ್ ಸಿಗದಿದ್ದರೆ ಬಿಡಬೇಡಿರಿ, ಮತ್ತೆ ಹಚ್ಚಿರಿ. ಬೆಳಗಾಗುವುದರೊಳಗೆ ಫೋನ್ ಮಾಡಿರಿ, ಅತ್ತೆ ನಸುಕಿಗೇ ಏಳುತ್ತಾರೆ, ಅವರು ಹೊರಬೀಳುವುದಕ್ಕೆ ಮೊದಲು