ಅಟ್ಟದ ಮೇಲಿನ ಮೊರ

ಕಳಲೆ
೮-೮-೨೦೦೧

ಬೀಗಿತ್ತಿ ಮಲ್ಲಾಜಮ್ಮಕ್ಕನಿಗೆ ಚನ್ನಬಸಮ್ಮ ಮಾಡುವ ಶರಣು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಮೊನ್ನೆ ಭಾನುವಾರ ನಿಮ್ಮ ಮಗ ಸೋಮಶೇಖರ್ ಬಂದು ಹೋದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಫೋನಿನಲ್ಲೇ ಕೇಳಿಬಿಡೋಣವೆಂದು ಬೂತಿನವರೆಗೂ ಹೋದೆ. ಅಲ್ಲಿ ನಾಲ್ಕು ಜನ ಕಿವಿ ಕೊಟ್ಟು ಕೂತಿದ್ದರು. ಹೆಣ್ಣು ಕೊಟ್ಟವಳು ಬೀಗಿತ್ತಿಯ ಮೇಲೆ ಕೂಗಾಡುವುದನ್ನು ಊರೆಲ್ಲ ಕೇಳುವುದು ಬೇಡ ಎಂದು ವಾಪಸು ಬಂದು ಪೆನ್ನು ಹಿಡಿದಿದ್ದೇನೆ.

ಅರ್ಪಿತ ಹೆರಿಗೆಗೆಂದು ಇಲ್ಲಿಗೆ ಬಂದು ತಿಂಗಳಾಗುತ್ತಾ ಬಂತು. ನಂಜನಗೂಡಿನ ಡಾಕ್ಟರಮ್ಮ ಸೆಪ್ಟೆಂಬರ್ ಎರಡನೇ ವಾರ ಎಂದಿದ್ದಾರೆ. ಮೈಯಲ್ಲಿ ರಕ್ತ ಕಡಿಮೆ, ಮಗು ಇನ್ನೂ ಸಣ್ಣದು, ಒಳಗೆ ಎಷ್ಟು ದಿನ ಇದ್ದರೆ ಅಷ್ಟು ಒಳ್ಳೆಯದು ಎಂದೂ ಹೇಳಿದ್ದಾರೆ. ನಾನು ದಿನಾ ನುಗ್ಗೆಸೊಪ್ಪು ಹುಡುಕಿಕೊಂಡು ಓಡಾಡುತ್ತಿದ್ದೇನೆ. ಹೀಗಿರುವಾಗ ಅಳಿಯಂದಿರು ತಿಂಡಿ ತಟ್ಟೆಯಿಂದ ತಲೆ ಎತ್ತದೆ, "ಅತ್ತೆ, ಗೌರಿ ಹಬ್ಬದ ದಿನಾನೇ ಆಪರೇಷನ್ ಮಾಡಿಸ್ಬುಡೋಣ ಅಂತಿದ್ದೀವಿ. ಮೈಸೂರಲ್ಲಿ ಒಬ್ರು ಡಾಕ್ಟ್ರು ಒಪ್ಪವ್ರೆ" ಅಂದರು. ಹಬ್ಬಕ್ಕೆ ಇನ್ನು ಎರಡು ವಾರವೂ ಇಲ್ಲ! ಇದೇನು ಹೊಸ ಯೋಚನೆ ಎಂದೆ. "ನಮ್ಮವ್ವಂಗೋಸ್ಕರ" ಎಂದರು. ನನ್ನ ಮಗಳೋ, ಅಡುಗೆಮನೆ ಬಾಗಿಲಲ್ಲಿ ನಿಂತು ಹೂಂ ಹೂಂ ಎಂದು ತಲೆ ಆಡಿಸಿದಳು.

ಅಕ್ಕ, ನಿಮ್ಮ ಮನೆಯಲ್ಲಿ ಗೌರಿ ಹಬ್ಬ ನಿಂತಿರುವುದು ಮದುವೆ ಮಾತುಕತೆಯ ದಿನದಿಂದಲೂ ನನಗೆ ಗೊತ್ತು. ನಿಮ್ಮ ಮಗಳು ಸುಗುಣ ಬಾಣಂತನಕ್ಕೆಂದು ತವರಿಗೆ ಬಂದವಳು, ಹೆರಿಗೆ ಕಷ್ಟವಾಗಿ, ಹಬ್ಬದ ದಿನವೇ ನಿಮ್ಮ ನಡುಮನೆಯಲ್ಲಿ ತೀರಿಕೊಂಡಳು. ಹಬ್ಬದ ದಿನ ಸಾವಾದ ಮನೆಯಲ್ಲಿ ಆ ಹಬ್ಬ ಮಾಡುವ ಹಾಗಿಲ್ಲ. ಮುಂದೆ ಯಾವಾಗಲಾದರೂ ಅದೇ ದಿನ ಮನೆಗೊಂದು ಮಗು ಹುಟ್ಟಬೇಕು, ಇಲ್ಲವೇ ಕೊಟ್ಟಿಗೆಯಲ್ಲಿ ಹಸು ಕರು ಹಾಕಬೇಕು. ಹಬ್ಬ ಮತ್ತೆ ಒಳಗೆ ಬರುವುದು ಆಗಲೇ. ನಮ್ಮ ಕಡೆಯೂ ಹೀಗೆಯೇ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ಹೇಳುತ್ತಲೇ ಇರುತ್ತಾರೆ, ನಾವು ಕೈ ಮುಗಿದು ಕೇಳುತ್ತಲೇ ಇರುತ್ತೇವೆ, ಮನೆಗೆ ಬಂದು ಮಾಡುವುದು ಮಾತ್ರ ಅತ್ತೆ ಹೇಳಿಕೊಟ್ಟದ್ದನ್ನೇ.

ಒಂಬತ್ತು ವರ್ಷ ನಿಮ್ಮ ಹಸುಗಳು ಆ ಒಂದು ದಿನ ಬಿಟ್ಟು ಬೇರೆಲ್ಲ ದಿನ ಕರು ಹಾಕಿದವು. ನೀವು ಕಾದಿರಿ. ಇಂಥ ದಿನವೇ ಹಾಕು ಎಂದು ಹಸುವಿಗೆ ಹೇಳಲಿಲ್ಲ. ನನ್ನ ಮಗಳಿಗೆ ಹೇಳುತ್ತೀರಲ್ಲ!

ಕೋಪದಲ್ಲಿ ಬರೆದೆ. ಹೊಡೆದು ಹಾಕುವುದಿಲ್ಲ, ಇರಲಿ.

ಗೌರಿ ಅಂದರೆ ಯಾರಕ್ಕ? ನಮ್ಮ ನಿಮ್ಮ ಹಾಗೆ ವರ್ಷಕ್ಕೊಮ್ಮೆ ತವರಿಗೆ ಬರುವ ಹೆಣ್ಣು. ಬಂದು, ಉಂಡು, ಮಡಿಲು ತುಂಬಿಸಿಕೊಳ್ಳುತ್ತಾಳೆ. ಮಾರನೇ ದಿನ ಮಗ ಗಣಪ ಕರೆದುಕೊಂಡು ಹೋಗಲು ಬಂದು ನಿಂತಿರುತ್ತಾನೆ. ನಾವು ಮೊರಕ್ಕೆ ಅರಿಶಿನ ಬಳಿದು, ಅಕ್ಕಿ ಬೇಳೆ ಬಳೆ ಬಿಚ್ಚೋಲೆ ಇಟ್ಟು, ಸೆರಗು ಮುಚ್ಚಿ ಬಾಗಿನ ಕೊಡುವುದು ಹೆಣ್ಣುಮಗಳು ಬರಿಗೈಲಿ ಹೋಗಬಾರದು ಎಂದಲ್ಲವೇ? ಅವಳಿಗೆ ನೀವು ಇಷ್ಟು ವರ್ಷ ಬಾಗಿಲು ತೆಗೆದಿಲ್ಲ. ಒಬ್ಬ ಮಗಳು ಹೋದಳೆಂದು ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದ್ದೀರಿ. ಈಗ ಆ ಬಾಗಿಲು ತೆಗೆಯಲು ನನ್ನ ಅರ್ಪಿತಳ ಹೊಟ್ಟೆ ಕೊಯ್ಯಬೇಕೆ?

ನನಗೆ ಭಯ, ಅಕ್ಕ. ಅದೇ ಹಬ್ಬ, ಅದೇ ಮನೆಯ ಹೆಣ್ಣು, ಮತ್ತೆ ಹೆರಿಗೆ. ಈ ಮಾತು ಬರೆಯಬಾರದೆಂದು ಇಷ್ಟು ಹೊತ್ತು ಅದುಮಿಟ್ಟಿದ್ದೆ, ಬಂದುಬಿಟ್ಟಿತು. ಅವಳು ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೂ ಸಾಕು, ಹೋಗಿ ಉಸಿರು ನೋಡಿ ಬರುತ್ತೇನೆ.

ಬೇಡ ಅನ್ನಿ. ನೀವು ಒಂದು ಮಾತು ಅಂದರೆ ಅವಳು ಕೇಳುತ್ತಾಳೆ. ನನ್ನ ಮಾತು ಕೇಳುವ ಕಾಲ ಮುಗಿಯಿತು. ಹೆಣ್ಣು ಕೊಟ್ಟವಳು ಕೈ ಮುಗಿದು ಕೇಳುತ್ತಿದ್ದೇನೆ.

ನಿಮ್ಮ
ಚನ್ನಬಸಮ್ಮ

ಹೇಳುವುದು ಮರೆತಿದ್ದೆ: ಆ ದಿನ ಅವಳನ್ನು ಕರೆದುಕೊಂಡು ಹೋಗಲು ಕಾರು ಬಂದರೆ ನಾನು ಹೊಸಿಲಿಗೆ ಅಡ್ಡ ಮಲಗುತ್ತೇನೆ. ದಾಟಿಕೊಂಡು ಹೋಗಲಿ.


ತಿರುಮಕೂಡಲು ನರಸೀಪುರ
೧೩-೮-೨೦೦೧

ಚನ್ನಬಸಮ್ಮನವರಿಗೆ ಮಲ್ಲಾಜಮ್ಮನ ಶರಣು.

ನಿಮ್ಮ ಕಾಗದ ಶನಿವಾರ ಬಂತು. ಏನು ಬರೆದವ್ರೆ ಎಂದು ಯಜಮಾನರು ಕೇಳಿದರು. ಕ್ಷೇಮಸಮಾಚಾರ ಅಂದೆ.

ಆಪರೇಷನ್ ಯೋಚನೆ ನನ್ನದಲ್ಲ, ನಿಮ್ಮ ಮಗಳದ್ದು. ಬೈಸಿಕೊಂಡ ಸಿಟ್ಟಿಗೆ ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹೋದ ವರ್ಷ ಹಬ್ಬದ ದಿನ ಪಕ್ಕದ ಮನೆಯ ಪಾಪಮ್ಮ ಹಿತ್ತಿಲ ಗೋಡೆಯ ಮೇಲಿಂದ ಒಬ್ಬಟ್ಟು ಕೊಟ್ಟಳು. ಬೇಡ ಅನ್ನಲಾಗದೆ ಇಸಿದುಕೊಂಡು, ಬಾಯಿಗಿಡಲಾಗದೆ ಹಸುವಿನ ಮುಂದಿಟ್ಟು, ಕೊಟ್ಟಿಗೆಯಲ್ಲೇ ಕೂತು ಅತ್ತುಬಿಟ್ಟೆ. ಅರ್ಪಿತ ಅದನ್ನು ನೋಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಸೀಮಂತ ಮುಗಿದು ನಿಮ್ಮಲ್ಲಿಗೆ ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, "ಅತ್ತೆ, ನಿಮ್ಮ ಹಬ್ಬನ ನಾನು ತಂದ್ಕೊಡ್ತೀನಿ. ನಂಗೇನೂ ಭಯ ಇಲ್ಲ ಕಣತ್ತೆ. ಅಮ್ಮಂಗೆ ಮಾತ್ರ ಈಗ್ಲೇ ಹೇಳ್ಬೇಡಿ" ಅಂದಳು.

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ತಲೆ ಸವರಿದೆ. ಅದನ್ನವಳು ಒಪ್ಪಿಗೆ ಎಂದುಕೊಂಡಳು. ಒಪ್ಪಿಗೆಯೇ ಆಗಿತ್ತು, ಸುಳ್ಳೇಕೆ ಹೇಳಲಿ? ಅವತ್ತಿನಿಂದ ನಾನು ಅಕ್ಕಿ ಆರಿಸುವಾಗಲೂ ಬಾಗಿನದ ಅಕ್ಕಿ ಎಂದೇ ಆರಿಸುತ್ತಿದ್ದೆ. ಮಗು ಎಷ್ಟು ತೂಕ ಇದೆ ಎಂದು ಕೇಳಬೇಕೆನ್ನುವುದು ನಿಮ್ಮ ಕಾಗದ ಬರುವವರೆಗೂ ನನಗೆ ಹೊಳೆದಿರಲಿಲ್ಲ.

ಹಸುವಿನ ಮಾತು ಬರೆದಿರಿ. ಚುಚ್ಚಿತು. ಚುಚ್ಚಬೇಕಾದದ್ದೇ.

ಇವತ್ತು ಬೆಳಿಗ್ಗೆ ಸೋಮಶೇಖರನನ್ನು ಮೈಸೂರಿಗೆ ಅಟ್ಟಿದ್ದೇನೆ, ಆಪರೇಷನ್ ಬೇಡವೆಂದು ಡಾಕ್ಟರಿಗೆ ಹೇಳಿ ಬರಲು. ಮುಖ ಊದಿಸಿಕೊಂಡು ಹೋದ. ಅರ್ಪಿತಳಿಗೆ ಹೇಳಿ: ಮಗು ಅದರ ಕಾಲಕ್ಕೆ ಬರಲಿ, ಹಬ್ಬ ಹೊತ್ತುಕೊಂಡು ಬರುವ ಕೆಲಸ ಅದಕ್ಕೆ ಬೇಡ. ಅತ್ತೆಗೆ ಬೇಜಾರಿಲ್ಲ ಎಂದೂ ಹೇಳಿ. ಬೇಜಾರಿದೆ, ಆದರೆ ಅದನ್ನು ಹೇಳಬೇಡಿ.

ಹಬ್ಬ ನಾನು ಈ ವರ್ಷವೇ ಮಾಡುತ್ತೇನೆ. ಮಗುವೂ ಇಲ್ಲದೆ, ಕರುವೂ ಇಲ್ಲದೆ. ಬಾಗಿಲ ಮಾತು ಬರೆದಿರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಗೌರಿ ಕೂರಿಸುತ್ತೇನೆ ಎಂದು ನಿನ್ನೆ ಯಜಮಾನರಿಗೆ ಹೇಳಿದೆ. "ಇನ್ನೊಂದ್ ಎಣ ಬೀಳ್ಲಿ ಅಂತಿದ್ದೀಯೇನೇ?" ಎಂದರು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಅರ್ಪಿತ ಇನ್ನೂ ಹೆರಬೇಕಾದವಳು. ಏನಾದರೂ ಆದರೆ ಕಟ್ಟಳೆ ಮೀರಿದವಳು ನಾನು ಎಂದು ಊರು ಅನ್ನುತ್ತದೆ, ನೀವೂ ಅನ್ನುತ್ತೀರಿ, ನಾನೂ ಅಂದುಕೊಳ್ಳುತ್ತೇನೆ. ಹಬ್ಬ ಮಾಡದಿದ್ದರೆ ಏನೂ ಆಗುವುದಿಲ್ಲವೇ ಎಂದರೆ ಅದನ್ನು ಹೇಳುವವರೂ ಯಾರೂ ಇಲ್ಲ. ಸುಗುಣ ತೀರಿಕೊಂಡ ವರ್ಷ ನಾನು ಒಂದು ಕಟ್ಟಳೆಯನ್ನೂ ಮೀರಿರಲಿಲ್ಲ ಚನ್ನಬಸಮ್ಮ, ಎಲ್ಲ ಸರಿಯಾಗಿಯೇ ಮಾಡಿದ್ದೆ.

ನಿಮಗೆ ಒಪ್ಪಿಗೆಯಿಲ್ಲವೆಂದರೆ ಒಂದು ಕಾರ್ಡು ಹಾಕಿ. ನಿಲ್ಲಿಸುತ್ತೇನೆ. ಕಾರ್ಡು ಬರದಿದ್ದರೆ ಪೂಜೆ ಮುಗಿಸಿ ಸೋಮಶೇಖರನ ಕೈಲಿ ಬಾಗಿನ ಕಳಿಸುತ್ತೇನೆ. ಬಾಗಿನ ಕೊಡುವುದು ತವರಿನವರು, ಅತ್ತೆ ಅಲ್ಲ ಎಂದು ನೀವು ಅನ್ನಬಹುದು. ನಾನು ಕೊಡುತ್ತಿರುವುದು ಸೊಸೆಗಲ್ಲ. ಅವನನ್ನು ಒಳಗೆ ಬಿಡಿ, ಹೊಸಿಲಿಗೆ ಅಡ್ಡ ಮಲಗಬೇಡಿ.

ಇಂತಿ
ಮಲ್ಲಾಜಮ್ಮ

ಇದನ್ನು ನೀವೊಬ್ಬರೇ ಓದಿಕೊಳ್ಳಿ. ಬಾಗಿನಕ್ಕೆ ಎರಡು ಮೊರ ಬೇಕಲ್ಲ. ಮೇಲೆ ಮುಚ್ಚುವುದು ಹೊಸದು. ಕೆಳಗಿನದು ಆ ವರ್ಷ ಸುಗುಣಳಿಗೆಂದು ಅರಿಶಿನ ಬಳಿದು ಇಟ್ಟಿದ್ದು. ಅದರಲ್ಲಿದ್ದ ಬಳೆಗಳನ್ನು ಅವಳ ಕೈಗೇ ತೊಡಿಸಿ ಮಣ್ಣು ಮಾಡಿದೆವು. ಮೊರ ಅಟ್ಟದ ಮೇಲೆ ಉಳಿಯಿತು. ಅದನ್ನು ಬಸುರಿಗೆ ಕೊಡಬಾರದೆಂದು ನನಗೂ ಗೊತ್ತು, ಹೊಸದರ ಜೋಡಿಯನ್ನೇ ತಂದಿದ್ದೆ. ನಿನ್ನೆ ಅರಿಶಿನ ಬಳಿಯಲು ಕೂತಾಗ ಕೈ ಕೇಳಲಿಲ್ಲ. ನಿಮಗೆ ಭಯವಾದರೆ ಅದನ್ನು ಅರ್ಪಿತಳಿಗೆ ತೋರಿಸಬೇಡಿ, ಬಾಗಿನ ಬೇರೆ ಮೊರಕ್ಕೆ ಹಾಕಿ ಕೊಡಿ, ಅದನ್ನು ಒಲೆಗಾದರೂ ಹಾಕಿ. ನಾನು ಕೇಳುವುದಿಲ್ಲ. ಕಪಿಲೆ ಹೊಳೆಗೆ ಮಾತ್ರ ಬಿಡಬೇಡಿ. ಆ ನೀರು ನಮ್ಮೂರಿಗೇ ಬರುತ್ತದೆ.